ಬೆಲ್‌ಬಾಟಮ್ ಕಾಲಿನಲ್ಲಿ ಬಿಸಿಗಾಳಿ

ಕೂರುವುದೂ ಒಂದು ವಿದ್ಯೆ. ಅದು ಎಲ್ಲರಿಗೂ ಒಲಿಯುವುದಿಲ್ಲ. ನಮ್ಮ ಚಾಮರಾಜಪೇಟೆಯಲ್ಲಿ ಬೆಳಗಿನ ಕಾಫಿ ಮುಗಿಸಿ ಜಗಲಿಯ ಮೇಲೆ ಕೂತರೆ, ಒಳಗಿನಿಂದ ಊಟಕ್ಕೆ ಕರೆ ಬರುವ ತನಕ ಕದಲದ ಮಹನೀಯರು ಬೇಕಾದಷ್ಟು ಮಂದಿ ಇದ್ದರು. ಮೂಗಿನ ಮೇಲೆ ನೊಣ ಕೂತರೆ ನೊಣವೇ ಬೇಸತ್ತು ಎದ್ದು ಹೋಗಬೇಕು, ಅವರು ಏಳುತ್ತಿರಲಿಲ್ಲ. ಅಂಥವರನ್ನು ಕಂಡರೆ ನನಗೆ ಇವತ್ತಿಗೂ ಭಕ್ತಿ. ನಾನು ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿದ ಕೂಡಲೇ ಎದ್ದು, ರಸ್ತೆಯಲ್ಲೇನು ಗಲಾಟೆ ಎಂದು ನೋಡಿಕೊಂಡು ಬರುವವನು. ಸಿನಿಮಾಕ್ಕೆ ಹೋದರೆ ಇಂಟರ್‌ವೆಲ್ಲಿನವರೆಗೆ ಸ್ವಂತ ಕಣ್ಣಿನಿಂದ ನೋಡುತ್ತೇನೆ. ಅಲ್ಲಿಂದ ಮುಂದಿನದನ್ನು ಮಾರನೆಯ ದಿನ ಯಾರಾದರೂ ಹೇಳಬೇಕು. ಯಾರೂ ಹೇಳದೆ ಹೋದ ಎಷ್ಟೋ ಕಥೆಗಳಲ್ಲಿ ನಾಯಕಿ ಇನ್ನೂ ಕಳ್ಳರ ಗೋದಾಮಿನಲ್ಲೇ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದಾಳೆ. ಶಾಲೆಯ ಕಥೆಯೂ ಅಷ್ಟೇ. ಆರನೆಯ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು, “ಲೋ ಮುನಿರಾಜು, ಬೆಂಚಿನಲ್ಲಿ ತಿಗಣೆ ಇದೆಯೇನೋ? ಕೂರಕ್ಕಾಗಲ್ವಾ? ಎದ್ದು ಹೋಗು ಆಚೆ” ಎಂದರು. ಅವರು ಹೇಳಿದ್ದು ಆ ಪೀರಿಯಡ್ಡಿನ ಮಟ್ಟಿಗೆ. ನಾನು ಹೋದದ್ದು ಶಾಶ್ವತವಾಗಿ.

ಈ ಚಡಪಡಿಕೆಯಿಂದ ನನಗೊಬ್ಬನಿಗೇ ನಷ್ಟವಾಗಿದ್ದರೆ ಅದನ್ನು ನಗುತ್ತಾ ಹೇಳಿ ಮುಗಿಸಬಹುದಾಗಿತ್ತು. ಆದರೆ ನಷ್ಟವಾದದ್ದು ನನ್ನ ಅಕ್ಕನ ಉಸಿರಿಗೆ. ಆದ್ದರಿಂದ ನಗುವ ಕಡೆ ನೀವು ನಗಿ. ನಾನು ಮಾತ್ರ ನಡುನಡುವೆ ಎದ್ದು ಓಡಾಡಿಕೊಂಡು ಬರೆಯುತ್ತೇನೆ.

ನಮ್ಮದು ಲಾಂಡ್ರಿ. ಅಪ್ಪ ಇಟ್ಟ ಅಂಗಡಿ. ಮುಂದೆ ಗಿರಾಕಿಗಳು ನಿಲ್ಲುವ ಕಟ್ಟೆ, ನಡುವೆ ಇಸ್ತ್ರಿಯ ಕೋಣೆ, ಹಿಂದೆ ಬಟ್ಟೆ ಒಗೆಯುವ ತೊಟ್ಟಿ. ಮೂರೂ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು. ತೊಟ್ಟಿಯ ಪಕ್ಕದಿಂದ ಮಾಳಿಗೆಗೆ ಕಡಿದಾದ ಮೆಟ್ಟಿಲು. ಅಪ್ಪ ಹೋದ ಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದವಳು ಅಕ್ಕ ಗೌರಮ್ಮ. ತಮ್ಮ ಓದಲಿ ಎಂದು ಹಿಡಿದಳು. ತಮ್ಮ ಓದಿದ್ದು ಎಷ್ಟೆಂದು ಆಗಲೇ ಹೇಳಿದ್ದೇನೆ. ಓದು ನಿಂತರೂ ಪೆಟ್ಟಿಗೆ ಅವಳ ಕೈಯಲ್ಲೇ ಉಳಿಯಿತು, ಯಾಕೆಂದರೆ ಇಸ್ತ್ರಿ ಮಾಡಲು ಒಂದೇ ಜಾಗದಲ್ಲಿ ನಿಲ್ಲಬೇಕು. ನಾನು ಬಟ್ಟೆ ತರುವ, ಕೊಡುವ, ಬಸವನಗುಡಿಗೂ ಶೇಷಾದ್ರಿಪುರಕ್ಕೂ ಸೈಕಲ್ ತುಳಿಯುವ ವಿಭಾಗವನ್ನು ವಹಿಸಿಕೊಂಡೆ.

ಅಕ್ಕನ ಇಸ್ತ್ರಿ ಎಂದರೆ ಪೇಟೆಯಲ್ಲೆಲ್ಲ ಹೆಸರು. ಅವಳು ಮಡಿಸಿಕೊಟ್ಟ ಪಂಚೆಯನ್ನು ಬಿಚ್ಚಲು ಕೆಲವರಿಗೆ ಮನಸ್ಸೇ ಬರುತ್ತಿರಲಿಲ್ಲ; ಹಾಗೇ ಬೀರುವಿನಲ್ಲಿಟ್ಟು ಹಳೆಯದನ್ನೇ ಉಟ್ಟುಕೊಳ್ಳುತ್ತಿದ್ದರು. ಆದರೆ ಇದ್ದಿಲ ಹೊಗೆ ಕುಡಿದು ಕುಡಿದು ಅವಳಿಗೆ ಉಬ್ಬಸ ಹತ್ತಿಕೊಂಡಿತ್ತು. ಬಿಸಿಲುಗಾಲದಲ್ಲಿ ಹೇಗೋ ಸುಧಾರಿಸುತ್ತಿದ್ದಳು. ಮಳೆಗಾಲದಲ್ಲಿ ಕಷ್ಟ. ಬೆಂಗಳೂರಿನ ಮಳೆ ನಿಮಗೆ ಗೊತ್ತಲ್ಲ, ಸುರಿದು ಮುಗಿಸುವ ಪೈಕಿ ಅಲ್ಲ. ನನ್ನ ಹಾಗೆ ಬರುತ್ತದೆ, ಹೋಗುತ್ತದೆ, ಮತ್ತೆ ಇಣುಕುತ್ತದೆ. ಅದು ಬಂದಾಗಲೆಲ್ಲ ಅಕ್ಕ ಮಾಳಿಗೆಗೆ ಓಡಿ ಬಟ್ಟೆ ಎಳೆದುಕೊಂಡು ಬರಬೇಕು, ನಿಂತಾಗ ಮತ್ತೆ ಹರವಬೇಕು. ಒಂದು ಸಲ ಅವಳು ಒದ್ದೆ ಬೆಡ್‌ಶೀಟುಗಳ ಹೊರೆ ಹೊತ್ತು ಮೆಟ್ಟಿಲ ನಡುವೆ ಕೂತು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದುದನ್ನು ನೋಡಿದೆ. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಆ ದಿನವೇ ತೀರ್ಮಾನಿಸಿದೆ: ಅಕ್ಕ ಇನ್ನು ಮೆಟ್ಟಿಲು ಹತ್ತಬಾರದು.

ತೀರ್ಮಾನ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ದಂಡು ಪ್ರದೇಶದ ಕಡೆ ಒಂದು ಹಳೆಯ ಹೋಟೆಲು ಮುಚ್ಚುತ್ತಿತ್ತು. ಅಲ್ಲಿ ಬಟ್ಟೆ ಒಣಗಿಸುವ ವಿಲಾಯತಿ ಮಿಷನ್ ಇದೆ, ಕೇಳುವವರಿಲ್ಲ ಎಂದು ಸುದ್ದಿ ಬಂತು. ಹೋಗಿ ನೋಡಿದೆ. ಬೀರುವಿನಷ್ಟು ಎತ್ತರ, ಮುಂದೆ ಗಾಜಿನ ದುಂಡು ಬಾಗಿಲು, ಒಳಗೆ ತಿರುಗುವ ಪೀಪಾಯಿ. ಒದ್ದೆ ಬಟ್ಟೆ ಹಾಕಿ ಗುಂಡಿ ಒತ್ತಿದರೆ ಕರೆಂಟಿನ ಬಿಸಿಯಲ್ಲಿ ಉರುಳಿ ಉರುಳಿ ಒಣಗುತ್ತದೆ. ಒಂದು ಕ್ಷಣವೂ ಸುಮ್ಮನಿರದ ಆ ಮಿಷನ್ನನ್ನು ಕಂಡು ನನಗೆ ರಕ್ತಸಂಬಂಧಿಯನ್ನು ಕಂಡಂತಾಯಿತು. ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದೆ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅಕ್ಕ ಕುಂಕುಮ ಇಟ್ಟು ಹೂ ಮುಡಿಸಿ, “ಇದು ಬಟ್ಟೆ ಹರಿಯಲ್ಲ ತಾನೇ?” ಎಂದು ಮಾತ್ರ ಕೇಳಿದಳು.

ಮಿಷನ್ ಜೊತೆಗೆ, ಆ ಹೋಟೆಲಿನಲ್ಲಿ ಅದನ್ನು ನಡೆಸುತ್ತಿದ್ದ ಆರೋಗ್ಯಸ್ವಾಮಿ ಬಂದಿದ್ದರು, ಕರೆಂಟು ಜೋಡಿಸಿ ತೋರಿಸಿ ಹೋಗಲು. ಮಿಷನ್ನಿನ ಬೆನ್ನಿನಲ್ಲಿ ಸಣ್ಣ ತಟ್ಟೆಯಗಲದ ಬಾಯಿಯೊಂದಿತ್ತು. ಅದಕ್ಕೆ ಕೈ ಅಡ್ಡ ಹಿಡಿದು ಅವರು ಹೇಳಿದರು: “ತಂಬಿ, ಇದು ಇದರ ಮೂಗು. ಬಟ್ಟೆಯಲ್ಲಿರೋ ನೀರೆಲ್ಲ ಹಬೆಯಾಗಿ ಇಲ್ಲಿಂದ ಬರ್ತದೆ, ಜೊತೆಗೆ ಬಟ್ಟೆ ಜುಂಗೂ ಬರ್ತದೆ. ಇದಕ್ಕೆ ತಗಡಿನ ಪೈಪ್ ಹಾಕಿ ಗೋಡೆ ಆಚೆ ಬಿಡಬೇಕು. ಪೈಪ್ ಸೀದಾ ಇರಬೇಕು, ಗಿಡ್ಡ ಇರಬೇಕು, ಸೊಟ್ಟ ತಿರುಗಿಸಬಾರದು. ಬಟ್ಟೆ, ರಬ್ಬರು, ಪ್ಲಾಸ್ಟಿಕ್ಕು ಅಂತ ಏನೂ ಕಟ್ಟಬಾರದು. ಒಳಗಿನ ಜಾಲರೀಲಿ ಸೇರೋ ಜುಂಗು ದಿನಾ ತೆಗೀಬೇಕು. ಜುಂಗು ಅಂದ್ರೆ ಪೆಟ್ರೋಲ್ ಇದ್ದ ಹಾಗೆ, ತಂಬಿ. ಒಂದು ಕಿಡಿ ಸಾಕು.” ಅವರು ಹೇಳುತ್ತಿದ್ದರೆ ನಾನು “ಗೊತ್ತು ಸಾರ್, ಗೊತ್ತು ಸಾರ್” ಎನ್ನುತ್ತಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದೆ. ನನಗೆ ಏನೂ ಗೊತ್ತಿರಲಿಲ್ಲ. ಆದರೆ ಕೇಳಿಸಿಕೊಂಡೆ, ಕೇಳಿಸಲಿಲ್ಲ ಎಂಬ ನೆಪ ನನಗಿಲ್ಲ.

ಆಚೆಯ ಗೋಡೆ ಎಂದರೆ ಹಿಂದಿನ ಗೋಡೆ. ದಪ್ಪ ಕಲ್ಲಿನದು; ಅದರಾಚೆಗೆ ಅಂಗಡಿಯ ಮಾಲೀಕರಾದ ಚನ್ನಬಸಪ್ಪನವರ ಮನೆಯ ಹಿತ್ತಲು. ಗೋಡೆಗೆ ತೂತು ಕೊರೆಯಲು ಅವರ ಒಪ್ಪಿಗೆ ಬೇಕು. ಚನ್ನಬಸಪ್ಪನವರಿಗೆ ತರಗುಪೇಟೆಯಲ್ಲಿ ಬೇಳೆ ಮಂಡಿ. ಬಹಳ ಒಳ್ಳೆಯ ಮನುಷ್ಯ. ಆದರೆ ಯಾವ ಪ್ರಶ್ನೆ ಕೇಳಿದರೂ ಉತ್ತರವನ್ನು ಅವರ ತಾತನ ಕಾಲದಿಂದ ಆರಂಭಿಸುವವರು. ಒಮ್ಮೆ ನಲ್ಲಿ ಸೋರುತ್ತದೆ ಎಂದು ಹೇಳಲು ಹೋಗಿ, ಬೆಂಗಳೂರಿಗೆ ಕೊಳಾಯಿ ನೀರು ಬರುವ ಮುಂಚೆ ಅವರ ತಾತ ಎಷ್ಟು ಬಾವಿ ತೋಡಿಸಿದ್ದರು ಎಂಬುದನ್ನೆಲ್ಲ ತಿಳಿದುಕೊಂಡು ಬಂದಿದ್ದೆ. ನಲ್ಲಿಯ ವಿಷಯ ಎತ್ತಲು ಆಗಿರಲಿಲ್ಲ. ಈ ಸಲವೂ ಧೈರ್ಯ ಮಾಡಿ ಮಂಡಿಗೆ ಹೋದೆ. ಅವರು ತೊಗರಿಬೇಳೆಯನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡು ಮೂಟೆಯೊಂದನ್ನು ತೋರಿಸಿ, “ಬಾರಪ್ಪ ಮುನಿರಾಜು, ಕೂತ್ಕೋ” ಎಂದರು.

ಅಷ್ಟೇ. ಅವರು ಅಂದದ್ದು ಅಷ್ಟೇ. ನಾನು ಆ ಮೂಟೆಯನ್ನು ನೋಡಿದೆ. ಅದರ ಮೇಲೆ ಕೂತರೆ ಸಾಯಂಕಾಲದವರೆಗೆ ಏಳುವ ಯೋಗವಿಲ್ಲ ಎನ್ನಿಸಿತು. “ಇಲ್ಲ ಸಾಮಿ, ಸುಮ್ಮನೆ ಈ ಕಡೆ ಬಂದಿದ್ದೆ, ಬರ್ತೀನಿ” ಎಂದು ಸೈಕಲ್ ಹತ್ತಿದೆ. ಅಂಗಡಿಗೆ ಬಂದ ಕೂಡಲೇ ಅಕ್ಕ ಕೇಳಿದಳು, “ಏನಂದ್ರೋ?”

ನನ್ನ ಬಾಯಿ ನನಗಿಂತಲೂ ಅವಸರದ್ದು. “ಆಗಲ್ಲ ಅಂದ್ರು” ಎಂದುಬಿಟ್ಟಿತು.

ಅಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಅಷ್ಟು ವರ್ಷದಿಂದ ಬಾಡಿಗೆಗಿದೀವಿ, ಒಂದು ತೂತಿಗೆ ಆಗಲ್ಲ ಅಂದ್ರಾ? ಅವರ ಮನೆ ಪಂಚೆಗೆ ಎಷ್ಟು ಮುತುವರ್ಜಿಯಿಂದ ಗಂಜಿ ಹಾಕ್ತೀನಿ ನಾನು!” ಆ ವಾರದಿಂದ ಚನ್ನಬಸಪ್ಪನವರ ಪಂಚೆಗಳಲ್ಲಿ ಗಂಜಿ ಕಡಿಮೆಯಾಯಿತು. ಪಾಪ, ಅವರಿಗೆ ಕಾರಣ ತಿಳಿಯದು. ಮೆತ್ತಗಿನ ಪಂಚೆ ಮಂಡಿಯಲ್ಲಿ ಪದೇ ಪದೇ ಜಾರುತ್ತಿತ್ತಂತೆ.

ಈಗ ಗಾಳಿಯನ್ನು ಎಲ್ಲಿಗೆ ಬಿಡುವುದು? ಮಿಷನ್ನಿರುವ ತೊಟ್ಟಿಯ ಕೋಣೆಗೂ ಇಸ್ತ್ರಿಯ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಹಲಗೆಯನ್ನು ನೋಡುತ್ತಾ ನಿಂತಿದ್ದಾಗ ನನಗೆ ಒಂದು ಜ್ಞಾನೋದಯವಾಯಿತು. ಜ್ಞಾನೋದಯಕ್ಕೆ ಮರದ ಕೆಳಗೆ ಕೂರಬೇಕು ಎನ್ನುತ್ತಾರೆ. ನಿಂತೂ ಆಗುತ್ತದೆ, ಆದರೆ ಸ್ವಲ್ಪ ಹುಳುಕಿರುತ್ತದೆ. ನಾನು ಯೋಚಿಸಿದ್ದು ಹೀಗೆ: ಇಸ್ತ್ರಿ ಮಾಡುವ ಮುಂಚೆ ನಾವು ಬಟ್ಟೆಗೆ ನೀರು ಚಿಮುಕಿಸಿ ಹದ ಮಾಡುತ್ತೇವೆ. ಇದು ನಮ್ಮ ಅಪ್ಪನ, ಅವರಪ್ಪನ ಕಾಲದ ಕ್ರಮ. ಒಣಬಟ್ಟೆಗೆ ಪೆಟ್ಟಿಗೆ ತಾಗಿಸಿದರೆ ಗೆರೆ ಕೂರುವುದಿಲ್ಲ. ಈ ಕಡೆ ಮಿಷನ್ನು ಬಟ್ಟೆಯಿಂದ ನೀರನ್ನು ತೆಗೆದು ಹಬೆ ಮಾಡಿ ಊದುತ್ತಿದೆ. ಆ ಕಡೆ ಅಕ್ಕ ಅದೇ ಬಟ್ಟೆಗೆ ಮತ್ತೆ ನೀರು ಹಾಕುತ್ತಿದ್ದಾಳೆ. ಆ ಹಬೆಯನ್ನೇ ಇಸ್ತ್ರಿಯ ಕೋಣೆಗೆ ಬಿಟ್ಟರೆ ಬಟ್ಟೆ ತಾನಾಗಿ ಹದವಾಗುವುದಿಲ್ಲವೆ? ವಿಲಾಯತಿಯವರಿಗೆ ಇಸ್ತ್ರಿಯ ಮರ್ಮ ಗೊತ್ತಿಲ್ಲ, ಅದಕ್ಕೇ ಆಚೆ ಬಿಡುತ್ತಾರೆ ಎಂದುಕೊಂಡೆ. ಹಲಗೆಗೆ ತೂತು ಕೊರೆಯಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕಾಯಿತು. ನಿಜವಾದ ಕಾರಣ ಅದೇ. ಉಳಿದ ತತ್ವವೆಲ್ಲ ಆ ಮೇಲೆ ಹುಟ್ಟಿದ್ದು.

ಇನ್ನು ಪೈಪು. ತಗಡಿನ ಪೈಪು ಮಾಡಿಸಲು ನಗರ್ತಪೇಟೆಗೆ ಹೋಗಿ, ಅಳತೆ ಕೊಟ್ಟು, ಎರಡು ದಿನ ಬಿಟ್ಟು ಬರಬೇಕು. ಎರಡು ದಿನ! ನಮ್ಮ ಅಂಗಡಿಯ ಮೂಲೆಯಲ್ಲಿ ವಾರಸುದಾರರು ಬಾರದ ಬಟ್ಟೆಗಳ ಗಂಟೊಂದಿತ್ತು. ಅದರಲ್ಲಿ ಹೆಚ್ಚಿನವು ಬೆಲ್‌ಬಾಟಮ್ ಪ್ಯಾಂಟುಗಳು. ಕೆಲವು ವರ್ಷಗಳ ಹಿಂದೆ ರಸ್ತೆ ಗುಡಿಸುತ್ತಾ ನಡೆದ ಆ ಪ್ಯಾಂಟುಗಳು ಇದ್ದಕ್ಕಿದ್ದಂತೆ ಫ್ಯಾಷನ್ ತಪ್ಪಿದ್ದವು. ಮಾಲೀಕರು ಅವುಗಳನ್ನು ನಮ್ಮಲ್ಲಿ ಒಗೆಯಲು ಕೊಟ್ಟು, ಅನಾಥಾಶ್ರಮಕ್ಕೆ ಸೇರಿಸಿದವರ ಹಾಗೆ ತಲೆಮರೆಸಿಕೊಂಡಿದ್ದರು. ಅಂಥ ಒಂದು ಪ್ಯಾಂಟಿನ ಕಾಲಿನ ಅಂಚನ್ನು ಮಿಷನ್ನಿನ ಬಾಯಿಗೆ ಹಿಡಿದು ನೋಡಿದೆ. ಹೊಲಿಸಿದ ಹಾಗೆ ಕೂತಿತು! ಒಂದು ಕಾಲಿಗೆ ಇನ್ನೊಂದು ಕಾಲನ್ನು ಸೇರಿಸಿ ಹೊಲಿದೆ. ಬೂದು, ಕಂದು, ಮತ್ತೊಂದು ಯಾರೋ ರಸಿಕನ ಕೇಸರಿ ಬಣ್ಣದ್ದು. ಮಿಷನ್ನಿನಿಂದ ಹಲಗೆಯ ತೂತಿನವರೆಗೆ, ಅಲ್ಲಿಂದ ಇಸ್ತ್ರಿ ಮೇಜಿನ ಮೇಲುಗಡೆಗೆ ಹಗ್ಗದಲ್ಲಿ ತೂಗುಹಾಕಿದೆ. ಗುಂಡಿ ಒತ್ತಿದ ಕೂಡಲೇ ಗಾಳಿ ತುಂಬಿ ಪ್ಯಾಂಟುಗಳೆಲ್ಲ ಜೀವ ಬಂದು ಕಾಲು ಝಾಡಿಸತೊಡಗಿದವು. ಅಕ್ಕ ಮೇಲೆ ನೋಡಿ, “ಯಾರೋ ಅಟ್ಟದಿಂದ ಇಳೀತಾ ಇರೋ ಹಂಗಿದೆ ಕಣೋ” ಎಂದು ನಕ್ಕಳು. ನಕ್ಕದ್ದಕ್ಕೆ ಒಂದು ಸಲ ಕೆಮ್ಮಿದಳು. ನಗುವಿನ ಕೆಮ್ಮು ಎಂದುಕೊಂಡೆ.

ನನ್ನ ದುರದೃಷ್ಟ, ಮೊದಮೊದಲು ಆ ಉಪಾಯ ಫಲಿಸಿತು. ಬಟ್ಟೆಗಳು ನಿಜವಾಗಿಯೂ ಹದವಾದವು. ಅಕ್ಕ ನೀರಿನ ಚೆಂಬನ್ನು ಮುಟ್ಟಲಿಲ್ಲ. ಮೆಟ್ಟಿಲೂ ಹತ್ತಲಿಲ್ಲ. ಹೊರಗೆ ಮಳೆ ಬಂದಾಗ ಅಭ್ಯಾಸಬಲದಿಂದ ಎರಡು ಹೆಜ್ಜೆ ಓಡಿ, ಮತ್ತೆ ನೆನಪಾಗಿ ನಾಚಿಕೊಂಡು ವಾಪಸ್ಸು ಬರುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು: “ನಮ್ಮ ಮುನಿ ಓದಿಲ್ಲ ಅಷ್ಟೇ, ತಲೆ ನೋಡಿ ಹೆಂಗೈತೆ. ಇಂಜಿನಿಯರುಗಳಿಗೂ ಹೊಳೀತಿರ್ಲಿಲ್ಲ.” ಜೀವಮಾನದಲ್ಲಿ ಅಕ್ಕ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಬೇಡ ಎನ್ನಲಿಲ್ಲ. ಬೇಕೆಂದೇ ಗಿರಾಕಿಗಳಿರುವ ಹೊತ್ತಿಗೆ ಸೈಕಲ್ ತಂದು ನಿಲ್ಲಿಸುತ್ತಿದ್ದೆ.

ಮೊದಲ ದೂರು ತಂದವರು ವಕೀಲ ನರಸಿಂಹಮೂರ್ತಿಗಳು. ಬಸವನಗುಡಿಯವರು, ಅವರ ಕಪ್ಪು ಕೋಟಿಗೆ ಇಸ್ತ್ರಿ ಹಾಕುತ್ತಿದ್ದದ್ದು ನಮ್ಮಲ್ಲೇ. ಅಂಗಡಿಗೆ ಬಂದವರೇ ಕೋಟನ್ನು ಕಟ್ಟೆಯ ಮೇಲೆ ಹರವಿದರು. ಅದರ ಮೇಲೆ ಬಿಳಿಯ ಜುಂಗು, ಹತ್ತಿಯ ಮೂಟೆಯ ಮೇಲೆ ಹೊರಳಿದ ಬೆಕ್ಕಿನ ಹಾಗೆ.

“ಏನಯ್ಯಾ ಇದು? ನಾನು ವಾದ ಮಾಡ್ತಾ ಕೈ ಎತ್ತಿದ್ರೆ ಕೋರ್ಟ್ ಹಾಲಲ್ಲಿ ಸಣ್ಣಗೆ ಹಿಮ ಬೀಳ್ತಿದೆ. ಜಡ್ಜ್ ಸಾಹೇಬ್ರು ಎರಡು ಸಲ ಸೀನಿದ್ರು. ಕೇಸು ಮುಂದಕ್ಕೆ ಹಾಕಿದ್ರು!”

“ಮೋಡದ ದಿನ ಅಲ್ವಾ ಸಾರ್, ಬೂರುಗದ ಹತ್ತಿ ಹಾರ್ತಾ ಇರತ್ತೆ” ಎಂದೆ.

“ಆಷಾಢದಲ್ಲಿ ಯಾವ ಬೂರುಗದ ಮರ ಬಿಡತ್ತಯ್ಯಾ? ನನಗೇ ಸುಳ್ಳು ಸಾಕ್ಷಿ ಹೇಳ್ತೀಯಾ?”

ಬ್ರಷ್ ತಗೊಂಡು ಕೋಟು ಉಜ್ಜಿಕೊಟ್ಟೆ. ಅವರು ಹೋದ ಮೇಲೆ ಇಸ್ತ್ರಿಯ ಕೋಣೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ದೇವರ ಪಟದ ಮೇಲೆ, ಬಲ್ಬಿನ ಮೇಲೆ, ಅಕ್ಕನ ಹುಬ್ಬಿನ ಮೇಲೆ ಜುಂಗು. ಮಳೆಯ ಎರಚಲು ಬರುತ್ತದೆಂದು ಕಿಟಕಿ ಮುಚ್ಚಿತ್ತು. ಗೋಡೆಯ ಸುಣ್ಣ ಬೆವತು ಹಸಿರು ಬಿಟ್ಟಿತ್ತು. ಆ ಹಬೆಯೊಳಗೆ ಅಕ್ಕ ನಿಂತಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈ ಮೇಜಿನ ಅಂಚಿಗೆ ಊರಿ. ಕೆಮ್ಮು ಈಗ ನಗು ಇಲ್ಲದೆಯೂ ಬರುತ್ತಿತ್ತು. ರಾತ್ರಿ ಮಲಗದೆ ಗೋಡೆಗೆ ಒರಗಿ ಕೂರುತ್ತಿದ್ದಳು.

“ಏನಕ್ಕಾ, ಕೆಮ್ಮು ಜಾಸ್ತಿ ಆಗಿದ್ಯಾ?”

“ಮಳೆಗಾಲ ಅಲ್ವೇನೋ. ಮೆಟ್ಲು ಹತ್ತೋದು ತಪ್ಪಿಸಿದೀಯಲ್ಲ, ಇಲ್ದಿದ್ರೆ ಇಷ್ಟೊತ್ತಿಗೆ ನಾನು ಇರ್ತಿರ್ಲಿಲ್ಲ.”

ಆ ಮಾತು ಕೇಳಿ ನನಗೆ ಆ ದಿನವೆಲ್ಲ ಊಟ ಸೇರಲಿಲ್ಲ. ಮಿಷನ್ನಿನ ಮೂಗನ್ನು ತಂದು ಅಕ್ಕನ ಮೂಗಿಗೆ ಜೋಡಿಸಿದ್ದೇನೆ ಎಂದು ನನಗೆ ಗೊತ್ತಾಗಿತ್ತು. ಬಿಚ್ಚಿ ಹಾಕಬಹುದಿತ್ತು. ಬಿಚ್ಚಿದರೆ ಯಾಕೆ ಎಂದು ಕೇಳುತ್ತಾಳೆ. ಹೇಳಿದರೆ ಗೋಡೆಯ ಮಾತು ಬರುತ್ತದೆ. ಗೋಡೆಯ ಮಾತು ಬಂದರೆ ಚನ್ನಬಸಪ್ಪನವರು ಆಗಲ್ಲ ಎಂದೇ ಇಲ್ಲ ಎಂಬುದು ಬರುತ್ತದೆ. ನಾಳೆ ಮಂಡಿಗೆ ಹೋಗಿ ಕೇಳಿಯೇಬಿಡುತ್ತೇನೆ ಎಂದುಕೊಂಡೆ. ಮಾರನೆಯ ದಿನ ಹೋದೆ ಕೂಡ. ಮಂಡಿಯ ಮುಂದೆ ಸೈಕಲ್ಲಿನ ಮೇಲೆ ಮೂರು ಸುತ್ತು ಹಾಕಿದೆ. ಒಳಗೆ ಆ ಮೂಟೆ ಅಲ್ಲೇ ಇತ್ತು. ವಾಪಸ್ಸು ಬರುತ್ತಾ ದಾರಿಯಲ್ಲಿ ಅಕ್ಕನಿಗೆ ಕೆಮ್ಮಿನ ಲೇಹ್ಯ ಕೊಂಡು ತಂದೆ. ಪಾಪಭೀತಿಗೂ ಲೇಹ್ಯಕ್ಕೂ ಏನೋ ನಂಟಿರಬೇಕು. ಆಮೇಲೆ ಶುಂಠಿ, ಆಮೇಲೆ ಹಿಪ್ಪಲಿ, ಆಮೇಲೆ ಎದೆಗೆ ಹಚ್ಚುವ ಎಣ್ಣೆ. ಅಕ್ಕ ಅಕ್ಕಪಕ್ಕದವರಿಗೆಲ್ಲ ಶೀಸೆಗಳನ್ನು ತೋರಿಸಿ, “ತಮ್ಮ ಅಂದ್ರೆ ಹಿಂಗಿರ್ಬೇಕು” ಎನ್ನುತ್ತಿದ್ದಳು. ಅಂಗಡಿಯೊಳಗೆ ನಿಲ್ಲಲು ನನಗೆ ಆಗುತ್ತಿರಲಿಲ್ಲ. ಬಟ್ಟೆ ಕೊಡುವ ನೆಪದಲ್ಲಿ ಮಲ್ಲೇಶ್ವರದವರೆಗೂ ಹೋಗುತ್ತಿದ್ದೆ, ಅಲ್ಲಿ ನಮಗೆ ಒಬ್ಬ ಗಿರಾಕಿಯೂ ಇರಲಿಲ್ಲ.

ಅದು ಆದದ್ದು ಶ್ರಾವಣದ ಒಂದು ಮಧ್ಯಾಹ್ನ. ಮದುವೆ ಮನೆಯ ಬಟ್ಟೆಗಳು ಬಂದು ಬಿದ್ದಿದ್ದವು. ಮಿಷನ್ನು ಬೆಳಗಿನಿಂದ ತಿರುಗುತ್ತಲೇ ಇತ್ತು. ಬೆಲ್‌ಬಾಟಮ್ಮಿನ ಗುಣ ನಿಮಗೆ ಗೊತ್ತಲ್ಲ, ಪಾದದ ಹತ್ತಿರ ಧಾರಾಳ, ಮೊಣಕಾಲಿನ ಹತ್ತಿರ ಬಿಗಿ. ಅಷ್ಟೂ ದಿನದ ಜುಂಗು ಆ ಮೊಣಕಾಲುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಕೆಳಗೆ ಅಕ್ಕನ ಪೆಟ್ಟಿಗೆಯ ಇದ್ದಿಲು ಹಬೆಗೆ ಮಂಕಾಗಿತ್ತು. ಮಂಕಾದರೆ ಪೆಟ್ಟಿಗೆಯನ್ನು ಹಿಡಿದು ಆ ಕಡೆ ಈ ಕಡೆ ಜೋರಾಗಿ ಬೀಸುವುದು ನಮ್ಮ ವಾಡಿಕೆ. ಗಾಳಿ ಹೊಕ್ಕು ಕೆಂಡ ಕೆಂಪಾಗುತ್ತದೆ. ಅಕ್ಕ ಬೀಸಿದಳು. ಒಂದು ಕಿಡಿ ಹಾರಿ ಕೇಸರಿ ಪ್ಯಾಂಟಿನ ಬಾಯಿಗೆ ಬಿತ್ತು.

ನಾನು ಆಗ ತಾನೇ ಸೈಕಲ್ ನಿಲ್ಲಿಸುತ್ತಿದ್ದೆ. ಒಳಗೆ ‘ಭುಸ್’ ಎಂಬ ಸದ್ದು ಬಂತು. ಓಡಿಹೋಗಿ ನೋಡಿದರೆ ಬೆಂಕಿ ಪ್ಯಾಂಟು ಹಾಕಿಕೊಂಡು ಮಿಷನ್ನಿನ ಕಡೆಗೆ ನಡೆದುಹೋಗುತ್ತಿತ್ತು. ಮೇಜಿನ ಮೇಲೆ ಮದುವೆ ಮನೆಯ ಸೀರೆಗಳ ರಾಶಿ, ಅದರ ಮೇಲೆ ಉರಿಯುವ ಪ್ಯಾಂಟಿನ ಟೆರಿಕಾಟು ಬಟ್ಟೆ ಮೇಣದ ಹಾಗೆ ತೊಟ್ಟಿಕ್ಕಲು ಸಿದ್ಧವಾಗಿತ್ತು. ನಾನು ಎಂದಿನಂತೆ ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಓಡಾಡಿದೆ. ಅಕ್ಕ ಓಡಾಡಲಿಲ್ಲ. ನಿಂತಲ್ಲಿಂದಲೇ ಹಗ್ಗ ಹಿಡಿದು ಅಷ್ಟೂ ಪ್ಯಾಂಟುಗಳನ್ನು ಒಂದೇ ಎಳೆತಕ್ಕೆ ಕೆಳಗೆ ಕೆಡವಿ, ಒದ್ದೆ ಗೋಣಿ ಹಾಕಿ ತುಳಿದಳು. “ಕರೆಂಟ್ ಆರ್ಸೋ ಕತ್ತೆ!” ಎಂದು ಕೂಗಿದಳು. ಆರಿಸಿದೆ. ಒಂದು ಸೀರೆಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಹೊಗೆಯ ನಡುವೆ ಮೇಜಿನ ಕಾಲು ಹಿಡಿದು ಕುಸಿದಳು. ಎತ್ತಿ ತಂದು ಮುಂದಿನ ಕಟ್ಟೆಯ ಮೇಲೆ ಕೂರಿಸಿದೆ. ತುಟಿ ನೀಲಿಯಾಗಿತ್ತು. ಉಸಿರು ಒಳಗೆ ಹೋಗುವಾಗ ಸೀಟಿ ಊದಿದ ಸದ್ದು. ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು.

ಹೊಗೆ ಕಂಡು ಬೀದಿ ಸೇರಿತು. ಊಟಕ್ಕೆ ಮನೆಗೆ ಬಂದಿದ್ದ ಚನ್ನಬಸಪ್ಪನವರು ಮೆತ್ತಗಿನ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದರು. ಅವರು ಓಡಿದ್ದನ್ನು ಬೀದಿಯವರು ನೋಡಿದ್ದೇ ಆವತ್ತು. “ಏನಾಯ್ತಮ್ಮ ಗೌರಮ್ಮ?”

ಅಕ್ಕ ಅವರನ್ನು ಕಂಡು ಕಣ್ಣು ಕೆಂಪು ಮಾಡಿದಳು. ಒಂದೊಂದು ಮಾತಿಗೂ ಉಸಿರು ಹುಡುಕಿಕೊಂಡು ಹೇಳಿದಳು: “ಒಂದು... ತೂತು... ಗೋಡೇಲಿ... ಬಿಡಲಿಲ್ವಲ್ಲ... ಸಾಮಿ ನೀವು.”

“ಯಾವ ತೂತು? ಯಾವ ಗೋಡೆ?” ಎಂದು ಅವರು ನನ್ನ ಮುಖ ನೋಡಿದರು. ಅಕ್ಕನೂ ನೋಡಿದಳು.

ಆ ಗಳಿಗೆಯಲ್ಲಿ ನನ್ನ ಕಾಲುಗಳು ಓಡು ಎಂದವು. ಸೈಕಲ್ಲು ಎದುರಿಗೇ ಇತ್ತು. “ಸಾಮಿಯವರನ್ನ ನಾನು ಕೇಳ್ಲೇ ಇಲ್ಲ ಅಕ್ಕಾ” ಎಂದೆ. “ಕೂತ್ಕೋ ಅಂದ್ರು. ಕೂರಕ್ಕಾಗ್ದೆ ಬಂದ್ಬಿಟ್ಟೆ.”

ಬೀದಿಯಲ್ಲಿ ಒಂದಿಬ್ಬರು ನಕ್ಕರು. ಚನ್ನಬಸಪ್ಪನವರು ನಗಲಿಲ್ಲ. “ಅಯ್ಯೋ ನಿನ್ನ! ಒಂದು ಮಾತು ಕೇಳಿದ್ರೆ ನಾನೇ ಕಲ್ಲುಕುಟಿಗನ್ನ ಕಳಿಸ್ತಿದ್ನಲ್ಲೋ” ಎಂದರು. ಅವರ ತಾತನ ಹೆಸರು ಬರಲಿಲ್ಲ. ಅವರ ಜೀವನದ ಅತ್ಯಂತ ಗಿಡ್ಡ ಉತ್ತರ ಅದೇ ಇರಬೇಕು. ಅದನ್ನು ಕೇಳುವ ಭಾಗ್ಯಕ್ಕೆ ನಾನು ಅಕ್ಕನನ್ನು ಈ ಸ್ಥಿತಿಗೆ ತಂದಿದ್ದೆ. ಅಕ್ಕ ಬೈಯಲು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಬೈಯಲು ಉಸಿರು ಬೇಕಲ್ಲ, ಅದನ್ನೂ ನಾನೇ ಕಿತ್ತುಕೊಂಡಿದ್ದೆ. ಅವಳು ಕೆನ್ನೆಗೆ ಬಾರಿಸಿದ್ದರೆ ನೆಮ್ಮದಿಯಾಗುತ್ತಿತ್ತು. ಸುಮ್ಮನೆ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಒಂದು ಸ್ಟೂಲು ಇತ್ತು. ನಾನು ಅದರ ಮೇಲೆ ಕೂತೆ. ಕಬ್ಬಿಣದ್ದು, ಒಂದು ಕಾಲು ಕುಂಟು. ನರ್ಸಮ್ಮ ಎರಡು ಸಲ “ಹೋಗಿ ಕಾಫಿ ಕುಡ್ಕೊಂಡು ಬನ್ನಿ” ಎಂದರು. ಏಳಲಿಲ್ಲ. ಕಾಲು ಜೋಮು ಹಿಡಿಯಿತು, ಬೆನ್ನು ನೊಂದಿತು, ನೊಣವೊಂದು ಬಂದು ಮೂಗಿನ ಮೇಲೆ ಕೂತಿತು. ಏಳಲಿಲ್ಲ. ಇಂಜೆಕ್ಷನ್ನು ಹಿಡಿದು ಉಸಿರು ಸ್ವಲ್ಪ ಸಲೀಸಾದ ಮೇಲೆ ಅಕ್ಕ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಡಾಕ್ಟರು ಬಂದು, “ಇನ್ನು ಇದ್ದಿಲ ಹೊಗೆ, ಧೂಳು ಏನೂ ಕೂಡದಮ್ಮ. ಇಸ್ತ್ರಿ ಬಿಟ್ಬಿಡಿ” ಎಂದು ಹೇಳಿ ಹೋದರು. ಪೇಟೆಗೆಲ್ಲ ಹೆಸರಾಗಿದ್ದ ಅಕ್ಕನ ಕೈಗಳು ಕಂಬಳಿಯ ಮೇಲೆ ಸುಮ್ಮನೆ ಬಿದ್ದಿದ್ದವು. ಆಮೇಲೆ ಹೇಳಿದಳು:

“ಮುನೀ.”

“ಹ್ಞೂಂ ಅಕ್ಕಾ.”

“ಪೆಟ್ಟಿಗೆ ಇನ್ಮೇಲೆ ನೀನು ಹಿಡೀತೀಯ. ಗಲ್ಲಾ ಹತ್ರ ನಾನು ಕೂರ್ತೀನಿ. ವಕೀಲರ ಕೋಟಿಗೆ ಗೆರೆ ತಪ್ಪಿದ್ರೆ ಗ್ರಹಚಾರ ಬಿಡಿಸ್ತೀನಿ.”

ಗೋಡೆ ಒಡೆದದ್ದು ನಾನೇ. ಚನ್ನಬಸಪ್ಪನವರು ಕಲ್ಲುಕುಟಿಗನನ್ನು ಕಳಿಸುತ್ತೇನೆ ಎಂದರೂ ಒಪ್ಪಲಿಲ್ಲ. ಅವರು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು, ಆ ಗೋಡೆಯ ಕಲ್ಲುಗಳನ್ನು ಅವರ ತಾತ ಎಲ್ಲಿಂದ ತರಿಸಿದ್ದರು ಎಂದು ಹೇಳುತ್ತಿದ್ದರು. ನಾನು ಚಾಣ ಹೊಡೆಯುತ್ತಾ ಪೂರ್ತಿ ಕೇಳಿದೆ. ನಗರ್ತಪೇಟೆಗೆ ಹೋಗಿ ತಗಡಿನ ಪೈಪು ಮಾಡಿಸಿದೆ, ಎರಡು ದಿನ ಕಾದೆ. ಮಿಷನ್ನನ್ನು ಗೋಡೆಗೆ ಹತ್ತಿರ ಸರಿಸಿ ಪೈಪನ್ನು ಗಿಡ್ಡವಾಗಿ, ನೇರವಾಗಿ, ಎಲ್ಲೂ ಸೊಟ್ಟವಾಗದಂತೆ ಹಿತ್ತಲಿಗೆ ಬಿಟ್ಟೆ. ಗಾಳಿ ಬಂದಾಗ ತೆರೆದು ಉಳಿದ ಹೊತ್ತು ಮುಚ್ಚಿಕೊಳ್ಳುವ ತಗಡಿನ ರೆಪ್ಪೆಯೊಂದನ್ನು ಕೂರಿಸಿದೆ, ಇಲಿ ಹೆಗ್ಗಣ ನುಗ್ಗದಿರಲೆಂದು. ಇದ್ದಿಲ ಪೆಟ್ಟಿಗೆ ಮೂಲೆ ಸೇರಿತು, ಕರೆಂಟಿನದು ಬಂತು. ಚನ್ನಬಸಪ್ಪನವರ ಪಂಚೆಗೆ ಗಂಜಿ ಮರಳಿತು. ಅಕ್ಕ ಅದನ್ನು ಎಷ್ಟು ಧಾರಾಳವಾಗಿ ಹಾಕಿಸಿದಳೆಂದರೆ ಅವರು ಕೂರುವಾಗ ಹಪ್ಪಳ ಮುರಿದ ಸದ್ದು ಬರುತ್ತಿತ್ತು.

ಈಗ ದಿನವಿಡೀ ಒಂದೇ ಮೇಜಿನ ಮುಂದೆ ನಿಲ್ಲುತ್ತೇನೆ. ನಿಂತು ಅಭ್ಯಾಸವಾಗಿದೆ ಎಂದರೆ ಸುಳ್ಳು. ಆದರೆ ನನ್ನ ನಿಜವಾದ ತೊಂದರೆ ಅದಲ್ಲ. ಅಕ್ಕನಿಗೆ ಉಬ್ಬಸ ಕಡಿಮೆಯಾದರೂ ಕೆಮ್ಮು ಪೂರ್ತಿ ಹೋಗಲಿಲ್ಲ. ಗಲ್ಲಾದ ಕಡೆಯಿಂದ ಅವಳು ‘ಖೊಳ್’ ಎಂದರೆ ಸಾಕು, ಪೆಟ್ಟಿಗೆಯನ್ನು ನೆಟ್ಟಗಿಟ್ಟು ಹಿಂದಕ್ಕೆ ಓಡುತ್ತೇನೆ. ಜಾಲರಿಯ ಜುಂಗು ತೆಗೆಯುತ್ತೇನೆ, ಪೈಪು ತಟ್ಟಿ ನೋಡುತ್ತೇನೆ, ಹಿತ್ತಲಿಗೆ ಹೋಗಿ ರೆಪ್ಪೆ ಎತ್ತಿ ನೋಡುತ್ತೇನೆ. ಎಲ್ಲ ಸರಿಯಿರುತ್ತದೆ. ವಾಪಸ್ಸು ಬರುತ್ತೇನೆ. ಇದು ಅಕ್ಕನಿಗೆ ಗೊತ್ತಾಗಿಹೋಗಿದೆ. ಮೊನ್ನೆ ವಕೀಲರ ಮುಂದೆ, “ನೋಡಿ ಸಾರ್, ಇವನನ್ನ ಕರೆಯೋಕೆ ಈಗ ಬಾಯಿ ನೋಯಿಸ್ಕೊಳ್ಳೋ ಹಂಗೇ ಇಲ್ಲ” ಎಂದು ಹೇಳಿ, ಒಂದು ಸಲ ಕೆಮ್ಮಿ ತೋರಿಸಿದಳು. ನಾನು ಹಿಂದಿನ ಕೋಣೆಗೆ ತಲುಪುವಷ್ಟರಲ್ಲಿ ಇಬ್ಬರೂ ನಗುವುದು ಕೇಳಿಸಿತು. ಕಾಫಿ ತರಿಸಬೇಕಾದರೆ ಕೆಮ್ಮುತ್ತಾಳೆ, ನಾನು ಯಾರೊಂದಿಗಾದರೂ ಹರಟೆ ಹೊಡೆಯುತ್ತಿದ್ದರೆ ಕೆಮ್ಮುತ್ತಾಳೆ, ಕಾಲರಿನ ಗೆರೆ ತಪ್ಪಿದರೆ ಎರಡು ಸಲ ಕೆಮ್ಮುತ್ತಾಳೆ. ಇವುಗಳ ನಡುವೆ ಎಲ್ಲೋ ನಿಜವಾದ ಕೆಮ್ಮೂ ಇರುತ್ತದೆ. ಯಾವುದು ಕೆಲಸ ಹೇಳುವುದು, ಯಾವುದು ನಾನು ಕೊಟ್ಟದ್ದು ಎಂದು ಅವಳನ್ನು ಕೇಳುವ ಮುಖ ನನಗಿಲ್ಲ. ಆದ್ದರಿಂದ ಎಲ್ಲಕ್ಕೂ ಎದ್ದು ಹೋಗುತ್ತೇನೆ.